ತಾಲ್ಲೂಕು ಊರಿನ ಪಶು ಚಿಕಿತ್ಸಾಲಯ: ಯಂತ್ರಗಳು ಕೈಕೊಡದಂತೆ ಮೊದಲು ಯಾವುದಕ್ಕೆ ಹಣ ಹಾಕಬೇಕು?

ತುಂಗಾತೀರ ವೆಟ್

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಭಾಗದಲ್ಲಿ ಒಂದು ಖಾಸಗಿ ಪಶು ಚಿಕಿತ್ಸಾಲಯವನ್ನು ನಡೆಸುತ್ತಿದ್ದೇನೆ. ಬೆಳಿಗ್ಗೆ ನಾಯಿ, ಬೆಕ್ಕುಗಳು ಬರುತ್ತವೆ. ಮಧ್ಯಾಹ್ನದ ನಂತರ ಕೊಟ್ಟಿಗೆಗಳಿಂದ ಕರೆ ಬರುತ್ತದೆ. ಲಸಿಕೆ ಇಡುವ ಫ್ರಿಡ್ಜ್, ಅಲ್ಟ್ರಾಸೌಂಡ್, ರಕ್ತಪರೀಕ್ಷೆಯ ಯಂತ್ರ, ಉಪಕರಣಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಆಟೋಕ್ಲೇವ್, ಬಿಲ್ಲಿಗೂ ದಾಖಲೆಗೂ ಒಂದು ಕಂಪ್ಯೂಟರ್, ಇಷ್ಟು ನಮ್ಮಲ್ಲಿವೆ. ಜೂನ್ ಬಂತೆಂದರೆ ಮರ ಬಿದ್ದು ತಂತಿ ಹರಿಯುವುದು, ಕರೆಂಟು ಹೋಗಿ ಬರುವುದು ನಿತ್ಯದ ಮಾತು. ಕಳೆದ ಮಳೆಗಾಲದಲ್ಲಿ ಸಿಡಿಲಿನ ದಿನವೊಂದರಂದು ರಕ್ತಪರೀಕ್ಷೆಯ ಯಂತ್ರದ ಬೋರ್ಡ್ ಸುಟ್ಟುಹೋಯಿತು. ಮಾರಿದ ಸಂಸ್ಥೆಯ ಎಂಜಿನಿಯರ್ ಬರುವ ತನಕ ರಕ್ತದ ಮಾದರಿಗಳನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಶಿವಮೊಗ್ಗಕ್ಕೆ ಕಳುಹಿಸಬೇಕಾಯಿತು.

ಈ ವರ್ಷ ಒಂದು ದೊಡ್ಡ ಖರ್ಚಿಗೆ ಮಾತ್ರ ಅವಕಾಶವಿದೆ. ಇಡೀ ಕಟ್ಟಡಕ್ಕೆ ಆನ್‌ಲೈನ್ ಯುಪಿಎಸ್ (ಕರೆಂಟು ಹೋದರೂ ಕ್ಷಣವೂ ನಿಲ್ಲದೆ ಬ್ಯಾಟರಿಯಿಂದ ವಿದ್ಯುತ್ ಕೊಡುವ ಸಾಧನ) ಹಾಕಿಸಿ ಎಂದು ಒಬ್ಬರು ಹೇಳುತ್ತಾರೆ, ಸೋಲಾರ್ ಹಾಕಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ, ಹಳೆಯ ಯಂತ್ರವನ್ನು ಕೊಟ್ಟು ಹೊಸದನ್ನು ಕೊಳ್ಳಿ ಎಂದು ಮಾರಾಟದವರು ಬೆನ್ನು ಹತ್ತಿದ್ದಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ: ನೀವಾಗಿದ್ದರೆ ಯಾವುದನ್ನು ಮೊದಲು ಕಾಪಾಡುತ್ತಿದ್ದಿರಿ?

ಹುಬ್ಬಳ್ಳಿ ಬಯೋಮೆಡಿಕಲ್

ಯುಪಿಎಸ್ ಕೊಳ್ಳುವ ಮೊದಲು ಅರ್ಥಿಂಗ್ (ಸೋರುವ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ) ಪರೀಕ್ಷೆ ಮಾಡಿಸಿ. ನಾನು ದುರಸ್ತಿಗೆ ಹೋಗುವ ಚಿಕಿತ್ಸಾಲಯಗಳಲ್ಲಿ ಲಕ್ಷಾಂತರ ರೂಪಾಯಿಯ ಯಂತ್ರಕ್ಕೆ ಹೆಸರಿಗೆ ಮಾತ್ರ ಅರ್ಥ್ ತಂತಿ ಇರುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಪ್ಲಗ್ಗಿನಲ್ಲಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ. ಅದು 3 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಯಾವ ಯುಪಿಎಸ್ ಹಾಕಿದರೂ ರಕ್ತಪರೀಕ್ಷೆಯ ಯಂತ್ರ ಒಂದಲ್ಲ ಒಂದು ತಕರಾರು ಮಾಡುತ್ತಲೇ ಇರುತ್ತದೆ. ನಿಮ್ಮ ಕಡೆಯ ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ಒಣಗುವುದರಿಂದ ಅರ್ಥ್ ಗುಂಡಿಗೆ ಫೆಬ್ರವರಿಯಿಂದಲೇ ನೀರು ಹಾಕುವ ರೂಢಿ ಇರಬೇಕು.

ಸಿಡಿಲಿನ ವಿಷಯದಲ್ಲಿ ಇನ್ನೊಂದು ಮಾತು. ಗುಡುಗು ಕೇಳಿದ ಕೂಡಲೇ ಎಲ್ಲರೂ ವಿದ್ಯುತ್ ಪ್ಲಗ್ ಕೀಳುತ್ತಾರೆ, ಆದರೆ ನೆಟ್‌ವರ್ಕ್ ಕೇಬಲ್ಲನ್ನು ಮರೆಯುತ್ತಾರೆ. ರೂಟರ್‌ನಿಂದ ಬಂದ ಆಘಾತವು ಅದೇ ಕೇಬಲ್ಲಿನ ಮೂಲಕ ಯಂತ್ರದೊಳಗೆ ನುಗ್ಗಿ ಬೋರ್ಡನ್ನು ಸುಡುತ್ತದೆ. ಮುಖ್ಯ ಬೋರ್ಡಿನಲ್ಲಿ ಸರ್ಜ್ ರಕ್ಷಕ (ಏಕಾಏಕಿ ಏರುವ ವೋಲ್ಟೇಜನ್ನು ತಡೆಯುವ ಸಾಧನ) ಹಾಕಿಸಿದರೂ ಎರಡು ಕೇಬಲ್ಲುಗಳನ್ನೂ ಕೈಯಿಂದಲೇ ಕಿತ್ತಿಡಿ. ಅರ್ಥಿಂಗ್ ಸರಿಯಾದ ಮೇಲೆ ರಕ್ತಪರೀಕ್ಷೆಯ ಯಂತ್ರಕ್ಕೆ ಮತ್ತು ಕಂಪ್ಯೂಟರ್‌ಗೆ ಮಾತ್ರ ಸಣ್ಣ ಆನ್‌ಲೈನ್ ಯುಪಿಎಸ್ ಸಾಕು. ಇಡೀ ಕಟ್ಟಡಕ್ಕೆ ಅದು ಬೇಡವೇ ಬೇಡ.

ನಿವೃತ್ತ ಪಶುವೈದ್ಯಾಧಿಕಾರಿ

ಮೇಲಿನವರು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಅವರು ಹೇಳಿದ ಕ್ರಮವನ್ನು ನಾನು ಒಪ್ಪುವುದಿಲ್ಲ. ರಕ್ತಪರೀಕ್ಷೆಯ ಯಂತ್ರ ಕೆಟ್ಟರೆ ಪರದೆ ಕಪ್ಪಾಗುತ್ತದೆ, ಬೀಪ್ ಎನ್ನುತ್ತದೆ, ಮಾದರಿಯನ್ನು ಶಿವಮೊಗ್ಗಕ್ಕೆ ಕಳುಹಿಸಬೇಕೆಂದು ನಿಮಗೆ ಆ ಕ್ಷಣವೇ ಗೊತ್ತಾಗುತ್ತದೆ. ಲಸಿಕೆಯ ಫ್ರಿಡ್ಜ್ ಹಾಗಲ್ಲ. ಅದು ರಾತ್ರಿ ಸೊನ್ನೆಗಿಂತ ಕೆಳಗಿಳಿದು ಬೆಳಿಗ್ಗೆ 5 ಡಿಗ್ರಿಗೆ ಮರಳಿದರೆ ಬಾಗಿಲು ತೆರೆದವರಿಗೆ ಏನೂ ಕಾಣುವುದಿಲ್ಲ. ಕಾಲುಬಾಯಿ ಜ್ವರದ ಎಣ್ಣೆಯುಕ್ತ ಲಸಿಕೆಯನ್ನೂ ಹುಚ್ಚುನಾಯಿ ರೋಗದ ಲಸಿಕೆಯನ್ನೂ 2ರಿಂದ 8 ಡಿಗ್ರಿಯಲ್ಲಿಯೇ ಇಡಬೇಕು. ಒಮ್ಮೆ ಹೆಪ್ಪುಗಟ್ಟಿದ ಲಸಿಕೆ ಮತ್ತೆ ಕರಗಿದರೂ ಕೆಲಸಕ್ಕೆ ಬಾರದು. ನೀವು ಚುಚ್ಚುತ್ತೀರಿ, ದಾಖಲೆಯಲ್ಲಿ ಬರೆಯುತ್ತೀರಿ, ಹಣ ಪಡೆಯುತ್ತೀರಿ. ಆ ನಾಯಿಗೆ ರಕ್ಷಣೆ ಇಲ್ಲವೆಂದು ತಿಳಿಯುವುದು ಅದಕ್ಕೆ ಹುಚ್ಚು ಹಿಡಿದ ದಿನ. ಆಗ ಮನೆಯ ಮಕ್ಕಳ ಗತಿಯೇನು?

ಇನ್ನೊಂದು ಸೂಕ್ಷ್ಮವಿದೆ. ನಾಯಿಗಳ ಸಂಯುಕ್ತ ಲಸಿಕೆಯ ಪೆಟ್ಟಿಗೆಯಲ್ಲಿ ಒಣಪುಡಿಯ ಬಾಟಲಿ ಒಂದು, ಲೆಪ್ಟೋಸ್ಪೈರಾ (ಇಲಿಜ್ವರದ ರೋಗಾಣು) ಅಂಶವಿರುವ ದ್ರವದ ಬಾಟಲಿ ಒಂದು ಇರುತ್ತದೆ. ಹೆಪ್ಪುಗಟ್ಟುವ ಚಳಿ ಪುಡಿಗೆ ಅಷ್ಟಾಗಿ ತೊಂದರೆ ಕೊಡದು, ಆದರೆ ದ್ರವವನ್ನು ಕೆಡಿಸುತ್ತದೆ. ಒಂದೇ ಪೆಟ್ಟಿಗೆಯಲ್ಲಿ ಅರ್ಧ ಸರಿ, ಅರ್ಧ ಹಾಳು. ಆದ್ದರಿಂದ ನನ್ನ ಸಲಹೆ ಇಷ್ಟೇ: ಸದ್ದಿಲ್ಲದೆ ಕೆಡುವುದು ಯಾವುದೋ ಅದಕ್ಕೆ ಮೊದಲು ಹಣ ಹಾಕಿ.

ಸಾಗರದ ಸೀಮೆ

ನಿವೃತ್ತರ ಮಾತಿಗೆ ನನ್ನ ಸಹಮತವಿದೆ. ನಮ್ಮ ಚಿಕಿತ್ಸಾಲಯದಲ್ಲಿ ಲಸಿಕೆಯ ಪಕ್ಕದಲ್ಲಿಯೇ ಹಾಲು, ಮೊಸರು ಇಡುತ್ತಿದ್ದುದನ್ನು ನಿಲ್ಲಿಸಲು ಜಗಳವನ್ನೇ ಆಡಬೇಕಾಯಿತು.

ಹುಬ್ಬಳ್ಳಿ ಬಯೋಮೆಡಿಕಲ್

ಫ್ರಿಡ್ಜಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದನ್ನು ಕಾಪಾಡಲು ದೊಡ್ಡ ಹಣವೇ ಬೇಕೆಂದಿಲ್ಲ. ಕನಿಷ್ಠ ಮತ್ತು ಗರಿಷ್ಠ ಉಷ್ಣತೆಯನ್ನು ನೆನಪಿಟ್ಟುಕೊಳ್ಳುವ ತಾಪಮಾಪಕ ಒಂದನ್ನು ಕೊಂಡು, ಅದರ ತಂತಿಯ ತುದಿಯನ್ನು ಗ್ಲಿಸರಿನ್ ತುಂಬಿದ ಸಣ್ಣ ಬಾಟಲಿಯೊಳಗೆ ಇಳಿಸಿ, ಲಸಿಕೆಗಳ ನಡುವೆಯೇ ಇಡಿ. ಬಾಗಿಲು ತೆರೆದಾಗ ಗಾಳಿಯ ಉಷ್ಣತೆ ಏರಿಳಿದರೂ ಬಾಟಲಿಯೊಳಗಿನದು ಲಸಿಕೆಯ ನಿಜವಾದ ಸ್ಥಿತಿಯನ್ನೇ ಹೇಳುತ್ತದೆ.

ಆ ತಾಪಮಾಪಕವೇ ಸರಿಯಿದೆಯೇ ಎಂದು ಮನೆಯಲ್ಲಿಯೇ ಪರೀಕ್ಷಿಸಬಹುದು. ಮಂಜುಗಡ್ಡೆಯನ್ನು ಕುಟ್ಟಿ ಲೋಟದ ತುಂಬ ಹಾಕಿ, ಸಂದು ತುಂಬುವಷ್ಟೇ ತಣ್ಣೀರು ಸೇರಿಸಿ, ಕಲಕಿ, ತುದಿಯು ಲೋಟದ ತಳವನ್ನಾಗಲಿ ಅಂಚನ್ನಾಗಲಿ ಮುಟ್ಟದಂತೆ ಹಿಡಿದು ಕೆಲವು ನಿಮಿಷ ಕಾಯಿರಿ. ಸೊನ್ನೆ ತೋರಿಸಬೇಕು. ಒಂದು ಡಿಗ್ರಿ ಹೆಚ್ಚು ತೋರಿಸಿದರೆ ಆ ವ್ಯತ್ಯಾಸವನ್ನು ಅದರ ಬೆನ್ನಿಗೆ ಬರೆದು ಅಂಟಿಸಿ.

ಫ್ರಾಸ್ಟ್-ಫ್ರೀ ಮಾದರಿಯ ಮನೆಬಳಕೆಯ ಫ್ರಿಡ್ಜ್‌ನಲ್ಲಿ ಹಿಂಭಾಗದ ಗಾಳಿಕಿಂಡಿಯ ಎದುರು ಲಸಿಕೆ ಇಡಲೇಬಾರದು. ಬಾಗಿಲಿನ ಅರೆಗಳಲ್ಲಿಯೂ ಬೇಡ. ಖಾಲಿ ಜಾಗಗಳಲ್ಲಿ ನೀರಿನ ಬಾಟಲಿಗಳನ್ನು ತುಂಬಿಸಿಟ್ಟರೆ ಕರೆಂಟು ಹೋದಾಗ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಕರೆಂಟು ಬಂದ ತಕ್ಷಣ ಕಂಪ್ರೆಸರ್ ಓಡದಂತೆ ಕೆಲವು ನಿಮಿಷ ತಡೆಯುವ ಸ್ಟೆಬಿಲೈಸರ್ ಇರಲಿ.

ಕೊಟ್ಟಿಗೆ ಮನೆ

ನಾನು ವೈದ್ಯನಲ್ಲ, ಹಸು ಸಾಕುವವನು. ಸದ್ದಿಲ್ಲದೆ ಕೆಡುವುದರ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಹಸುವಿಗೆ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಿದ್ದೇ ಹಾಕಿಸಿದ್ದು, ಗಬ್ಬ ನಿಲ್ಲಲೇ ಇಲ್ಲ. ಪ್ರತಿ ಸಲವೂ ಮೇವು ಸರಿಯಿಲ್ಲ, ಖನಿಜ ಮಿಶ್ರಣ ಕೊಡಿ ಎಂಬ ಉತ್ತರವೇ ಬಂತು. ಕೊನೆಗೆ ಬೇರೆಯವರನ್ನು ಕರೆಸಿದಾಗ ಒಂದೇ ಸಲಕ್ಕೆ ನಿಂತಿತು. ಹೋರಿಯ ವೀರ್ಯವನ್ನು ತಣ್ಣಗಿಡುವ ಹಳಬರ ಕ್ಯಾನಿನಲ್ಲಿ ನೈಟ್ರೋಜನ್ ಸರಿಯಾಗಿ ಇರುತ್ತಿರಲಿಲ್ಲವೆಂದು ಊರಿನಲ್ಲಿ ಮಾತಾಯಿತು. ತಿಂಗಳುಗಟ್ಟಲೆ ಹಾಲು ಕಳೆದುಕೊಂಡ ನಷ್ಟವನ್ನು ಯಾರು ತುಂಬಿಕೊಡುತ್ತಾರೆ? ಇದನ್ನೂ ನೀವು ಯಂತ್ರದ ವಿಶ್ವಾಸಾರ್ಹತೆ ಎಂದೇ ಎಣಿಸಬೇಕು.

ಮೈತ್ರಿ ಕಾರ್ಯಕರ್ತ

ಹಳ್ಳಿಗಳಲ್ಲಿ ಕೃತಕ ಗರ್ಭಧಾರಣೆ ಮಾಡುವ ಕಾರ್ಯಕರ್ತ ನಾನು. ಕೊಟ್ಟಿಗೆ ಮನೆಯವರ ನೋವು ನಿಜ, ಆದರೆ ಪ್ರತಿ ಸಲವೂ ಕ್ಯಾನಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಮಾಡಿಸಬೇಕೆಂಬ ಲೆಕ್ಕವಿದೆ. ಅನೇಕರು ಬೆದೆ ಇಳಿದ ಮೇಲೆ ಫೋನ್ ಮಾಡುತ್ತಾರೆ.

ಕ್ಯಾನಿನ ವಿಷಯವನ್ನೂ ಹೇಳುತ್ತೇನೆ, ಏಕೆಂದರೆ ವಿದ್ಯುತ್ತಿಲ್ಲದೆ ನಡೆಯುವ ಈ ಸಾಧನವನ್ನು ಯಾರೂ ಯಂತ್ರವೆಂದು ಪರಿಗಣಿಸುವುದೇ ಇಲ್ಲ. ಒಳಗಿನ ದ್ರವ ಸಾರಜನಕ (ನೈಟ್ರೋಜನ್) ಮೈನಸ್ 196 ಡಿಗ್ರಿಯಲ್ಲಿರುತ್ತದೆ, ಎರಡು ಗೋಡೆಗಳ ನಡುವಿನ ನಿರ್ವಾತವೇ ಅದರ ಜೀವ. ಬೈಕಿನಲ್ಲಿ ಕುಲುಕಿ ಅಥವಾ ಬಿದ್ದು ನಿರ್ವಾತ ಹೋದರೆ ಕ್ಯಾನಿನ ಹೊರಮೈಯಲ್ಲಿ, ವಿಶೇಷವಾಗಿ ಕುತ್ತಿಗೆಯ ಬಳಿ, ಬೆವರು ಅಥವಾ ಹಿಮ ಕಾಣಿಸುತ್ತದೆ. ಹಾಗೆ ಕಂಡ ದಿನವೇ ವೀರ್ಯ ನಳಿಕೆಗಳನ್ನು ಬೇರೆ ಕ್ಯಾನಿಗೆ ವರ್ಗಾಯಿಸಬೇಕು, ನಾಳೆ ನೋಡೋಣ ಎನ್ನುವಂತಿಲ್ಲ. ಮಟ್ಟ ಅಳೆಯಲು ಗಟ್ಟಿ ಕೋಲನ್ನು ಇಳಿಸಿ, ಹೊರತೆಗೆದು ಗಾಳಿಯಲ್ಲಿ ಆಡಿಸಿದರೆ ಹಿಮ ಕಟ್ಟಿದ ಉದ್ದವೇ ಮಟ್ಟ. ಟೊಳ್ಳು ಕೊಳವೆಯನ್ನು ಇಳಿಸಿದರೆ ದ್ರವವು ಮೇಲಕ್ಕೆ ಚಿಮ್ಮಿ ಮುಖ ಸುಡುತ್ತದೆ.

ನಳಿಕೆಯನ್ನು ಹುಡುಕುವಾಗ ಗಾಬ್ಲೆಟ್ಟನ್ನು (ನಳಿಕೆಗಳಿರುವ ಪುಟ್ಟ ಲೋಟ) ಕುತ್ತಿಗೆಯ ಹಿಮರೇಖೆಗಿಂತ ಮೇಲೆ ಎತ್ತಬಾರದು. ಮೇಲೆ ಎತ್ತಿ ಯಾವ ಹೋರಿಯದೆಂದು ಓದುತ್ತ ನಿಂತರೆ ಉಳಿದ ನಳಿಕೆಗಳೆಲ್ಲ ಅಲ್ಲಿಯೇ ಹಾಳಾಗುತ್ತವೆ. ಕರಗಿಸುವುದು 37 ಡಿಗ್ರಿಯ ನೀರಿನಲ್ಲಿ 30 ಸೆಕೆಂಡು. ಜೇಬಿನಲ್ಲಿಟ್ಟು, ಬಾಯಿಯ ಉಸಿರಿನಿಂದ ಬೆಚ್ಚಗೆ ಮಾಡುವವರನ್ನು ಕಂಡಿದ್ದೇನೆ. ರೈತರು ಅದನ್ನು ನೋಡಿದರೆ ಅಲ್ಲಿಯೇ ಪ್ರಶ್ನಿಸಬೇಕು.

ಬೀದರ್ ಲ್ಯಾಬ್

ಯಂತ್ರ ಕೆಟ್ಟರೆ ಪರದೆ ಕಪ್ಪಾಗುತ್ತದೆ ಎಂಬ ನಿವೃತ್ತರ ಮಾತಿಗೆ ನನ್ನ ಆಕ್ಷೇಪವಿದೆ. ರಕ್ತಪರೀಕ್ಷೆಯ ಯಂತ್ರವೂ ಸದ್ದಿಲ್ಲದೆ ಸುಳ್ಳು ಹೇಳುತ್ತದೆ. ಆಡಿನ ಕೆಂಪು ರಕ್ತಕಣದ ವ್ಯಾಸ ಸುಮಾರು 3ರಿಂದ 4 ಮೈಕ್ರೋಮೀಟರ್, ನಾಯಿಯದು ಸುಮಾರು 7. ಹಿಂದಿನ ರೋಗಿ ನಾಯಿಯಾಗಿದ್ದು, ಪ್ರಾಣಿಯ ಆಯ್ಕೆಯನ್ನು ಬದಲಿಸದೆ ಆಡಿನ ರಕ್ತವನ್ನು ಇಟ್ಟರೆ ಯಂತ್ರವು ಪುಟ್ಟ ಕೆಂಪುಕಣಗಳನ್ನು ಕಿರುಬಿಲ್ಲೆಗಳೆಂದು (ಪ್ಲೇಟ್ಲೆಟ್) ಎಣಿಸಿ, ಅಂದವಾದ ಒಂದು ವರದಿಯನ್ನು ಮುದ್ರಿಸಿ ಕೊಡುತ್ತದೆ. ಮನುಷ್ಯರ ಆಸ್ಪತ್ರೆಯಲ್ಲಿ ಬಳಸಿ ಬಿಟ್ಟ ಯಂತ್ರವನ್ನು ಅಗ್ಗಕ್ಕೆ ತಂದವರಲ್ಲಿ ಈ ಸಮಸ್ಯೆ ಇನ್ನೂ ಹೆಚ್ಚು. ಬೆಕ್ಕಿನ ಕಿರುಬಿಲ್ಲೆಗಳಂತೂ ಗುಂಪುಗಟ್ಟುವುದರಿಂದ ಯಂತ್ರದ ಎಣಿಕೆಯನ್ನು ಲೇಪನ (ಗಾಜಿನ ಪಟ್ಟಿಯ ಮೇಲೆ ಹರಡಿದ ರಕ್ತ) ನೋಡದೆ ನಂಬಲೇಬಾರದು.

ಸಕ್ಕರೆಯ ಅಂಶ ನೋಡುವ ಗ್ಲುಕೋಮೀಟರ್ ಕೂಡ ಹಾಗೆಯೇ. ಮನುಷ್ಯರ ರಕ್ತಕ್ಕೆ ಹೊಂದಿಸಿದ ಮೀಟರ್ ನಾಯಿಯಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಮನುಷ್ಯರಲ್ಲಿ ರಕ್ತದ ಸಕ್ಕರೆಯ ಗಣನೀಯ ಪಾಲು ಕೆಂಪುಕಣಗಳೊಳಗೆ ಇರುತ್ತದೆ. ನಾಯಿ, ಬೆಕ್ಕುಗಳಲ್ಲಿ ಬಹುಪಾಲು ಪ್ಲಾಸ್ಮಾದಲ್ಲಿಯೇ (ರಕ್ತದ ದ್ರವಭಾಗ) ಉಳಿಯುತ್ತದೆ. ಇನ್ಸುಲಿನ್ ಪ್ರಮಾಣವನ್ನು ಆ ಅಂಕಿಯ ಮೇಲೆಯೇ ನಿರ್ಧರಿಸುವುದರಿಂದ ಇದು ಸಣ್ಣ ವಿಷಯವಲ್ಲ.

ನನ್ನ ಅಭಿಪ್ರಾಯದಲ್ಲಿ ಪ್ರತಿ ಬೆಳಿಗ್ಗೆ ಮೊದಲ ರೋಗಿಗಿಂತ ಮುಂಚೆ ನಿಯಂತ್ರಣ ದ್ರಾವಣವನ್ನು (ಬರಬೇಕಾದ ಅಂಕಿ ಮೊದಲೇ ಗೊತ್ತಿರುವ ಮಾದರಿ) ಓಡಿಸಿ ಅಂಕಿಗಳನ್ನು ಬರೆದಿಡುವುದು, ವಾರಕ್ಕೊಮ್ಮೆಯಾದರೂ ಯಂತ್ರದ ವರದಿಯನ್ನು ಸೂಕ್ಷ್ಮದರ್ಶಕದ ಲೇಪನದೊಂದಿಗೆ ಹೋಲಿಸುವುದು ಯುಪಿಎಸ್‌ಗಿಂತ ಮುಖ್ಯ.

ರಾತ್ರಿಪಾಳಿ

ಸದ್ದಿಲ್ಲದ ಕೆಡುಕಿನ ವಾದ ಕೇಳಲು ಚೆನ್ನಾಗಿದೆ, ಆದರೆ ಸದ್ದು ಮಾಡಿ ನಿಲ್ಲುವ ಯಂತ್ರವನ್ನು ನೀವು ಹಗುರವಾಗಿ ಕಾಣುತ್ತಿದ್ದೀರಿ. ಗರ್ಭಕೋಶದಲ್ಲಿ ಕೀವು ತುಂಬಿದ ನಾಯಿಗೆ ರಾತ್ರಿ ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗ ದೀಪ ಹೋದರೆ, ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಕಾನ್ಸಂಟ್ರೇಟರ್ ನಿಂತರೆ, ಅದು ಸದ್ದು ಮಾಡಿತೋ ಇಲ್ಲವೋ ಎಂಬುದರಿಂದ ಆ ನಾಯಿಗೆ ಏನು ಪ್ರಯೋಜನ? ವಿದ್ಯುತ್ ಬೇಡದ ಆಮ್ಲಜನಕದ ಸಿಲಿಂಡರ್, ಕೈಯಿಂದ ಒತ್ತುವ ಉಸಿರಾಟದ ಚೀಲ, ತಲೆಗೆ ಕಟ್ಟುವ ದೀಪ, ಈ ಮೂರು ಮೇಜಿನ ಪಕ್ಕದಲ್ಲಿ ಇಲ್ಲದಿದ್ದರೆ ಅರಿವಳಿಕೆ ಕೊಡಲೇಬಾರದು ಎಂಬುದು ನನ್ನ ನಿಲುವು.

ನಿವೃತ್ತ ಪಶುವೈದ್ಯಾಧಿಕಾರಿ

ರಾತ್ರಿಪಾಳಿಯವರ ಮಾತು ಸರಿ. ಶಸ್ತ್ರಚಿಕಿತ್ಸೆಯ ಮೇಜನ್ನು ನನ್ನ ವಾದದಿಂದ ಹೊರಗಿಡುತ್ತೇನೆ. ಆದರೆ ಅವರು ಹೆಸರಿಸಿದ ಮೂರೂ ವಸ್ತುಗಳು ದೊಡ್ಡ ಖರ್ಚಿನವಲ್ಲ ಎಂಬುದನ್ನು ಗಮನಿಸಿ. ಬೀದರ್‌ನವರು ಹೇಳಿದ್ದು ನನ್ನ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡಿಸುವುದಿಲ್ಲ.

ಲೀಡ್ಸ್ ಕನ್ನಡತಿ

ಇಂಗ್ಲೆಂಡಿನ ಒಂದು ಪಶು ಚಿಕಿತ್ಸಾಲಯದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಕರೆಂಟು ಹೋಗುವುದು ಅಪರೂಪ, ಆದರೆ ದಾಖಲೆಗಳು ಕೈತಪ್ಪುವ ಭಯ ದೊಡ್ಡದು. 2024ರ ಏಪ್ರಿಲ್‌ನಲ್ಲಿ ಇಲ್ಲಿನ ದೊಡ್ಡ ಪಶುವೈದ್ಯಕೀಯ ಸಂಸ್ಥೆಗಳಲ್ಲಿ ಒಂದಾದ ಸಿವಿಎಸ್ ಗ್ರೂಪ್ ಸೈಬರ್ ದಾಳಿಗೆ ಒಳಗಾಗಿ ತನ್ನ ಕಂಪ್ಯೂಟರ್ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅಷ್ಟು ದೊಡ್ಡವರ ಪಾಡೇ ಹೀಗಾದರೆ ಒಂದೇ ಕಂಪ್ಯೂಟರ್ ಇರುವವರು ಇನ್ನೂ ಎಚ್ಚರದಿಂದಿರಬೇಕು. ದಾಖಲೆಯ ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಕಟ್ಟಡದಲ್ಲಿ ಇರಲಿ. ಪ್ರತಿ ತೆಗೆದ ಹಾರ್ಡ್ ಡಿಸ್ಕನ್ನು ಕಂಪ್ಯೂಟರ್‌ಗೆ ಸದಾ ಚುಚ್ಚಿಟ್ಟರೆ ದಾಳಿಯಾದಾಗ ಅದೂ ಹೋಗುತ್ತದೆ. ಆಗಾಗ ಆ ಪ್ರತಿಯಿಂದ ಒಂದು ರೋಗಿಯ ಕಡತವನ್ನು ನಿಜವಾಗಿಯೂ ತೆರೆದು ನೋಡಿ. ತೆರೆಯದ ಪ್ರತಿ ಇದ್ದೂ ಇಲ್ಲದಂತೆಯೇ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಕ್ಸ್‌ರೇ ಅಥವಾ ಲ್ಯಾಬ್ ಯಂತ್ರದ ಜೊತೆ ಬಂದ ಹಳೆಯ ಕಂಪ್ಯೂಟರನ್ನು ಬದಲಿಸಲಾಗದಿದ್ದರೆ ಅದನ್ನು ಅಂತರ್ಜಾಲದಿಂದ ಬಿಡಿಸಿಡಿ. ಅದರಲ್ಲಿ ಇಮೇಲ್ ನೋಡುವುದಂತೂ ಬೇಡ.

ಸಾಗರದ ಸೀಮೆ

ಇದೆಲ್ಲ ಲೀಡ್ಸ್‌ಗೆ ಸರಿಹೋದೀತು. ಮಳೆಗಾಲದಲ್ಲಿ ಇಲ್ಲಿ ಇಂಟರ್‌ನೆಟ್ ವಾರಗಟ್ಟಲೆ ಸಿಗುವುದಿಲ್ಲ, ಕ್ಲೌಡ್‌ಗೆ ಪ್ರತಿ ಹೋಗುವುದಾದರೂ ಹೇಗೆ? ನಾನು ಕಾಗದದ ರಿಜಿಸ್ಟರನ್ನು ಬಿಡುವುದಿಲ್ಲ. ದನಗಳಿಗೆ 12 ಅಂಕಿಯ ಕಿವಿಯೋಲೆ ಇರುವುದರಿಂದ ಆ ಸಂಖ್ಯೆ, ಲಸಿಕೆಯ ಬ್ಯಾಚ್, ದಿನಾಂಕ ಇಷ್ಟನ್ನು ಕೊಟ್ಟಿಗೆಯಲ್ಲಿಯೇ ಬರೆದುಕೊಂಡರೆ ಸರ್ಕಾರದ ಜಾನುವಾರು ದಾಖಲೆಯ ಭಾರತ್ ಪಶುಧನ್ ಪೋರ್ಟಲ್‌ಗೆ ಸಿಗ್ನಲ್ ಸಿಕ್ಕಾಗ ತುಂಬಿಸಬಹುದು.

ಲೀಡ್ಸ್ ಕನ್ನಡತಿ

ಕಾಗದವನ್ನು ಬಿಡಿ ಎಂದು ನಾನು ಹೇಳಲಿಲ್ಲ. ಎರಡು ಹಾರ್ಡ್ ಡಿಸ್ಕುಗಳನ್ನು ಸರದಿಯಂತೆ ಮನೆಗೆ ಒಯ್ದರೂ ಬೇರೆ ಕಟ್ಟಡದಲ್ಲಿ ಪ್ರತಿ ಇಟ್ಟಂತಾಗುತ್ತದೆ, ಅದಕ್ಕೆ ಇಂಟರ್‌ನೆಟ್ ಬೇಡ. ಆದರೆ ರಿಜಿಸ್ಟರ್ ಕೂಡ ಒಂದೇ ಪ್ರತಿ ಎಂಬುದನ್ನು ಮರೆಯಬೇಡಿ. ತಿಂಗಳ ಕೊನೆಯಲ್ಲಿ ಪುಟಗಳ ಫೋಟೋ ತೆಗೆದಿಡಿ.

ಬೆಳಗಿನ ಬಾಗಿಲು

ನಾನು ಚಿಕಿತ್ಸಾಲಯವೊಂದರ ಸಹಾಯಕಿ. ಡಾಕ್ಟರಿಗಿಂತ ಮೊದಲು ಬಂದು ಬಾಗಿಲು ತೆರೆಯುವವರು, ಫ್ರಿಡ್ಜ್ ಮುಟ್ಟುವವರು, ಆಟೋಕ್ಲೇವ್ ಹಚ್ಚುವವರು ನಾವು. ಇಲ್ಲಿಯವರೆಗಿನ ಚರ್ಚೆಯಲ್ಲಿ ನಮ್ಮ ಮಾತು ಒಮ್ಮೆಯೂ ಬರಲಿಲ್ಲ. ಫ್ರಿಡ್ಜಿನ ಅಂಕಿಯನ್ನು ಬರೆಯಿರಿ ಎನ್ನುತ್ತಾರೆ, ಆದರೆ ಎಷ್ಟು ಬಂದರೆ ಯಾರಿಗೆ ಫೋನ್ ಮಾಡಬೇಕೆಂದು ಹೇಳಿರುವುದಿಲ್ಲ. ಹೀಗಾಗಿ ಎಷ್ಟೋ ಕಡೆ ದಿನವೂ 4 ಡಿಗ್ರಿ ಎಂದೇ ಬರೆದ ಪುಸ್ತಕಗಳಿವೆ. ನಮ್ಮಲ್ಲಿ ಈಗ ಪುಸ್ತಕದ ರಟ್ಟಿನ ಮೇಲೆಯೇ ಬರೆದಿದೆ: 2ಕ್ಕಿಂತ ಕಡಿಮೆ ಅಥವಾ 8ಕ್ಕಿಂತ ಹೆಚ್ಚು ಕಂಡರೆ ಯಾವ ಲಸಿಕೆಯನ್ನೂ ಕೊಡಬಾರದು, ಡಾಕ್ಟರನ್ನು ಎಬ್ಬಿಸಿಯಾದರೂ ಕೇಳಬೇಕು. ಹಾಗೆ ಕೇಳಿದವರನ್ನು ಬಯ್ಯುವುದಿಲ್ಲವೆಂದು ಡಾಕ್ಟರು ಎಲ್ಲರ ಎದುರಿಗೆ ಹೇಳಿದ್ದಾರೆ.

ಆಟೋಕ್ಲೇವ್ ಬಗ್ಗೆಯೂ ಹೇಳಬೇಕು. ಕುಕ್ಕರ್ ಮಾದರಿಯದರಲ್ಲಿ ಒಳಗಿನ ಗಾಳಿಯೆಲ್ಲ ಹೋಗಿ ಹಬೆ ಒಂದೇ ಸಮನೆ ಬರುವ ತನಕ ಕವಾಟವನ್ನು ಮುಚ್ಚಬಾರದು. ಬೇಗ ಮುಚ್ಚಿದರೆ ಮುಳ್ಳು 15 ಪೌಂಡು ತೋರಿಸುತ್ತದೆ, ಆದರೆ ಒಳಗೆ 121 ಡಿಗ್ರಿ ಆಗಿರುವುದಿಲ್ಲ. ಗಂಟಿನ ಮೇಲೆ ಅಂಟಿಸುವ ಸೂಚಕ ಪಟ್ಟಿಯ ಬಣ್ಣ ಬದಲಾದರೆ ಬಿಸಿ ತಗುಲಿದೆ ಎಂದಷ್ಟೇ ಅರ್ಥ. ಗಂಟಿನ ನಡುವಿನ ಕತ್ತರಿ ಶುದ್ಧವಾಗಿದೆ ಎಂದಲ್ಲ.

ಬೀದರ್ ಲ್ಯಾಬ್

ಬೆಳಗಿನ ಬಾಗಿಲಿನವರ ಬರಹವನ್ನು ಪ್ರತಿ ಚಿಕಿತ್ಸಾಲಯದ ಮಾಲೀಕರೂ ಓದಬೇಕು.

ತುಂಗಾತೀರ ವೆಟ್

ಎಲ್ಲರಿಗೂ ಧನ್ಯವಾದಗಳು. ಹುಬ್ಬಳ್ಳಿಯವರು ಹೇಳಿದಂತೆ ಮಂಜುಗಡ್ಡೆಯ ಪರೀಕ್ಷೆ ಮಾಡಿ, ತಾಪಮಾಪಕವನ್ನು ಫ್ರಿಡ್ಜಿನೊಳಗೆ ಇಟ್ಟು ನೋಡಿದೆ. ಮೇಲಿನ ಅರೆಯಲ್ಲಿ ಕನಿಷ್ಠ 3 ಡಿಗ್ರಿ ಇತ್ತು. ಕೆಳಗಿನ ಅರೆಯ ಹಿಂಭಾಗದಲ್ಲಿ, ಕರೆಂಟು ಚೆನ್ನಾಗಿಯೇ ಇದ್ದ ಒಂದು ರಾತ್ರಿ, ಮೈನಸ್ 1 ದಾಖಲಾಗಿತ್ತು. ಬಾಗಿಲಿನ ಮೇಲಿನ ಪರದೆ ಆಗಲೂ 5 ಎಂದೇ ತೋರಿಸುತ್ತಿತ್ತು. ಆದ್ದರಿಂದ ಈ ವರ್ಷದ ದೊಡ್ಡ ಖರ್ಚು ಲಸಿಕೆಗೆಂದೇ ತಯಾರಾದ ಐಸ್‌ಲೈನ್ಡ್ (ಒಳಗೋಡೆಯಲ್ಲಿ ಮಂಜುಗಡ್ಡೆಯ ಪದರವಿರುವ) ಫ್ರಿಡ್ಜಿಗೆ, ಉಳಿದದ್ದು ಅರ್ಥಿಂಗ್‌ಗೆ ಎಂದು ನಿರ್ಧರಿಸಿದ್ದೇನೆ. ಯುಪಿಎಸ್ ಮುಂದಿನ ವರ್ಷಕ್ಕೆ ಇರಲಿ. ಎರಡು ಪ್ರಶ್ನೆಗಳು ಉಳಿದಿವೆ: ರಕ್ತಪರೀಕ್ಷೆಯ ಯಂತ್ರದ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಏನನ್ನು ಕೇಳಬೇಕು? ಆ ಕೆಳಗಿನ ಅರೆಯಲ್ಲಿದ್ದ ಲಸಿಕೆಗಳನ್ನು ಏನು ಮಾಡಬೇಕು?

ಹುಬ್ಬಳ್ಳಿ ಬಯೋಮೆಡಿಕಲ್

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ದೂರು ಕೊಟ್ಟ ಎಷ್ಟು ಗಂಟೆಯೊಳಗೆ ಎಂಜಿನಿಯರ್ ನಿಮ್ಮ ಊರಿಗೆ ಬರಬೇಕೆಂಬುದನ್ನು ಬರೆಸಿಕೊಳ್ಳಿ. ‘ಆದಷ್ಟು ಬೇಗ’ ಎಂಬ ಪದವನ್ನು ಹೊಡೆದು ಹಾಕಿ. ದುರಸ್ತಿ ತಡವಾದರೆ ಬದಲಿ ಯಂತ್ರ ಕೊಡಬೇಕು, ಬಿಡಿಭಾಗಗಳ ಬೆಲೆ ಒಪ್ಪಂದದೊಳಗೆ ಸೇರಿದೆಯೋ ಇಲ್ಲವೋ ಸ್ಪಷ್ಟವಾಗಬೇಕು, ಬಿಡಿಭಾಗಗಳು ಇನ್ನೆಷ್ಟು ವರ್ಷ ಸಿಗುತ್ತವೆ ಎಂಬುದನ್ನು ಕಾಗದದಲ್ಲಿ ಕೊಡಬೇಕು. ಸಿಡಿಲು ಮತ್ತು ಇಲಿಯಿಂದಾದ ಹಾನಿಯನ್ನು ಹೆಚ್ಚಿನ ಒಪ್ಪಂದಗಳು ಒಳಗೊಳ್ಳುವುದಿಲ್ಲ, ಅದಕ್ಕೆ ವಿಮೆಯನ್ನೇ ಮಾಡಿಸಬೇಕು. ಅಲ್ಟ್ರಾಸೌಂಡ್ ಪ್ರೋಬನ್ನು ಸ್ಪಿರಿಟ್‌ನಿಂದ ಒರೆಸಬೇಡಿ, ತಯಾರಕರು ಹೇಳಿದ ದ್ರವವನ್ನೇ ಬಳಸಿ. ಅದರ ಮುಂಭಾಗದ ರಬ್ಬರ್ ಸ್ಪಿರಿಟ್‌ಗೆ ಬಿರುಕು ಬಿಟ್ಟರೆ ಯಾವ ಒಪ್ಪಂದವೂ ನೆರವಿಗೆ ಬರುವುದಿಲ್ಲ.

ನಿವೃತ್ತ ಪಶುವೈದ್ಯಾಧಿಕಾರಿ

ಎರಡನೆಯ ಪ್ರಶ್ನೆಗೆ ನನ್ನ ಉತ್ತರ. ಕೆಳಗಿನ ಅರೆಯಲ್ಲಿದ್ದ ದ್ರವರೂಪದ ಲಸಿಕೆಗಳನ್ನೆಲ್ಲ, ಒಣಪುಡಿಯ ಜೊತೆ ಬಂದ ದ್ರವವನ್ನೂ ಸೇರಿಸಿ, ಇಂದೇ ಬೇರ್ಪಡಿಸಿ, ‘ಬಳಸಬಾರದು’ ಎಂದು ಬರೆದು, ಜೈವಿಕ ತ್ಯಾಜ್ಯದ ನಿಯಮದಂತೆ ವಿಲೇವಾರಿ ಮಾಡಿ. ನೋಡಲು ಚೆನ್ನಾಗಿಯೇ ಇವೆಯಲ್ಲ ಎಂದು ಉಳಿಸಿಕೊಳ್ಳಬೇಡಿ. ನಂತರ ರಿಜಿಸ್ಟರ್ ತೆಗೆದು, ಅದೇ ಬ್ಯಾಚಿನ ಹುಚ್ಚುನಾಯಿ ರೋಗದ ಲಸಿಕೆಯನ್ನು ಆ ಅರೆಯಿಂದ ಯಾವ ಯಾವ ನಾಯಿಗಳಿಗೆ ಕೊಟ್ಟಿದ್ದೀರಿ ಎಂದು ನೋಡಿ, ಮಾಲೀಕರಿಗೆ ನೀವೇ ಫೋನ್ ಮಾಡಿ, ಹಣ ಪಡೆಯದೆ ಮತ್ತೊಮ್ಮೆ ಲಸಿಕೆ ಹಾಕಿ. ಯಾವ ಅರೆಯದೆಂದು ಗೊತ್ತಾಗದಿದ್ದರೆ ಆ ಬ್ಯಾಚಿನ ಎಲ್ಲ ನಾಯಿಗಳನ್ನೂ ಕರೆಸಿ. ಅಷ್ಟರೊಳಗೆ ಅವುಗಳಲ್ಲಿ ಯಾವುದಾದರೂ ನಾಯಿ ಯಾರನ್ನಾದರೂ ಕಚ್ಚಿದ್ದರೆ, ಲಸಿಕೆಯಾಗಿದೆ ಎಂಬ ಧೈರ್ಯದ ಮೇಲೆ ಅವರು ಚಿಕಿತ್ಸೆಯನ್ನು ತಪ್ಪಿಸದಂತೆ ಇಂದೇ ತಿಳಿಸಿ.

ತುಂಗಾತೀರ ವೆಟ್

ಬ್ಯಾಚ್ ಸಂಖ್ಯೆಗಳು ರಿಜಿಸ್ಟರ್‌ನಲ್ಲಿ ಇವೆ. ಇಂದು ಸಂಜೆಯಿಂದಲೇ ಫೋನ್ ಮಾಡಲು ಆರಂಭಿಸುತ್ತೇನೆ.